ಅಗ್ನಿಶಿಖೆ: ನಮ್ಮ ಗುಡ್ಡದ ಹೂವನ್ನು ಬೆಳೆಸುವ ಬಗೆ
(ಶಾಲೆಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹಿಮಾಲಯದ ಎತ್ತರದ ಹುಲ್ಲುಗಾವಲುಗಳಲ್ಲಿ ಪ್ರಿಮ್ಯುಲಾ ಎಂಬ ಪುಟ್ಟ ಗಿಡಗಳುಂಟು. ಅವುಗಳಲ್ಲಿ ಡೆಂಟಿಕ್ಯುಲೇಟಾ ಎಂಬ ಜಾತಿಯು ಚಳಿಗಾಲವೆಲ್ಲ ಹಿಮದಡಿಯಲ್ಲಿ ಮಲಗಿದ್ದು, ಹಿಮ ಕರಗುತ್ತಲೇ ಚೆಂಡಿನಂತಹ ನಸುನೇರಿಳೆ ಹೂಗೊಂಚಲನ್ನು ತಳೆಯುತ್ತದೆ. ಪುಸ್ತಕದಲ್ಲಿ ಅದರ ಚಿತ್ರವನ್ನು ಕಂಡ ಮಕ್ಕಳು, ಇದನ್ನು ನಮ್ಮ ಅಂಗಳದಲ್ಲಿ ಏಕೆ ಬೆಳೆಸಬಾರದೆಂದು ಕೇಳುವುದು ಸಹಜವೇ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ವೈಶಾಖದ ಬಿಸಿಲಿಗೆ ಆ ಗಿಡವು ನಿಲ್ಲಲಾರದು. ಆದರೆ ಹಿಮದ ಬದಲು ಬೇಸಗೆಯಲ್ಲಿ ಮಲಗಿ, ಮಳೆಗೆ ಎಚ್ಚರಗೊಳ್ಳುವ ಗುಡ್ಡದ ಹೂವೊಂದು ನಮ್ಮ ದಖ್ಖಣದ್ದೇ ಆಗಿದೆ. ಅದುವೇ ಅಗ್ನಿಶಿಖೆ. ಮಲೆನಾಡಿನಲ್ಲಿ ಗೌರಿಹೂವೆಂದೂ, ತೆಲುಗಿನಲ್ಲಿ ಅಡವಿನಾಭಿಯೆಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ ಲಾಂಗಲಿ, ಲಾಂಗಲವೆಂದರೆ ನೇಗಿಲು. ಗಡ್ಡೆಯನ್ನು ಅಗೆದು ನೋಡಿದ ಒಕ್ಕಲಿಗನ ಮಗನಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ಲಿನ್ನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂದು ಹೆಸರಿಟ್ಟನು. ಇಂದು ಇದು ತಮಿಳುನಾಡಿನ ರಾಜ್ಯಪುಷ್ಪ.

ಹೂವಿನ ಆರು ಎಸಳುಗಳು ಅಂಚಿನಲ್ಲಿ ಅಲೆಯಲೆಯಾಗಿ, ಮೇಲ್ಮುಖವಾಗಿ ಹಿಂದಕ್ಕೆ ಬಾಗಿರುತ್ತವೆ. ಮೊದಲು ಹಸಿರು, ಬಳಿಕ ಹಳದಿ, ಕಡೆಗೆ ಕೆಂಡದ ಬಣ್ಣ. ಬಳ್ಳಿಯು ಹತ್ತುವ ಉಪಾಯವು ಇನ್ನೂ ಸೊಗಸಾದುದು. ಇದಕ್ಕೆ ಬೇರೆ ಕುಡಿಬಳ್ಳಿಗಳಿಲ್ಲ; ಎಲೆಯ ತುದಿಯೇ ಎಳೆಯಾಗಿ ಸುರುಳಿಗೊಂಡು ಆಸರೆಯನ್ನು ಹಿಡಿಯುತ್ತದೆ.

ಇಷ್ಟು ಚೆಲುವಾದ ಗಿಡವು ವಿಷದ ಗಿಡವೂ ಹೌದೆಂಬುದನ್ನು ಪಾಲಕರು ಗಮನಿಸಬೇಕು. ಇದರ ಎಲ್ಲ ಭಾಗಗಳಲ್ಲಿ, ಅದರಲ್ಲಿಯೂ ಗಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ವಿಷವಿದೆ. ಗಡ್ಡೆಯನ್ನು ಗೆಣಸೆಂದು ತಿಂದು ಸತ್ತವರುಂಟು. ಬೇಯಿಸಿದರೂ ಈ ವಿಷವು ಹೋಗದು. ತಿಂದ ಕೆಲವು ತಾಸುಗಳ ತರುವಾಯವೇ ವಾಂತಿಭೇದಿ ತೋರುವುದರಿಂದ, ಮಗು ಚೆನ್ನಾಗಿಯೇ ಇದೆಯಲ್ಲ ಎಂದು ಕಾಯುತ್ತ ಕುಳ್ಳಿರದೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಅದೇ ಕಾಲ್ಚಿಸಿನ್ ವೈದ್ಯರ ಅಳತೆಯಲ್ಲಿ ಕೀಲುವಾತಕ್ಕೆ ಔಷಧ. ಅದು ಸಸ್ಯಕೋಶದ ವರ್ಣತಂತುಗಳನ್ನು ಇಮ್ಮಡಿಸಬಲ್ಲುದೆಂದು 1937ರಲ್ಲಿ ತಿಳಿದುಬಂದಿತು. ಬೀಜವಿಲ್ಲದ ಕಲ್ಲಂಗಡಿಯ ತಳಿ ಹುಟ್ಟಿದುದು ಈ ಉಪಾಯದಿಂದಲೇ.

ಹಾಗಿದ್ದರೆ ಇದನ್ನು ಬೆಳೆಸುವುದಾದರೂ ಏಕೆ? ಔಷಧಕ್ಕಾಗಿ ಅಗೆದು ಅಗೆದು ಕಾಡಿನಲ್ಲಿ ಇದು ವಿರಳವಾಗುತ್ತ ಬಂದಿದೆ. ಅಲ್ಲದೆ, ಎಲೆಯ ತುದಿಯನ್ನು ನೋಡಿ ಗಿಡವನ್ನು ಗುರುತಿಸಬಲ್ಲ ಹುಡುಗನು ಗುಡ್ಡದಲ್ಲಿ ಅದರ ಗಡ್ಡೆಯನ್ನು ಕಿತ್ತು ಬಾಯಿಗಿಡಲಾರನು. ಗುರುತು ತಿಳಿಯದವನಿಗೇ ಭಯ ಹೆಚ್ಚೆಂದು ನಾವು ಬಗೆಯುತ್ತೇವೆ. ಗುಡ್ಡದಿಂದ ಮಾತ್ರ ಗಡ್ಡೆಯನ್ನು ಕಿತ್ತು ತರಬಾರದು. ತಮಿಳುನಾಡಿನ ಕರೂರು, ದಿಂಡಿಗಲ್ ಕಡೆಯ ರೈತರು ಇದನ್ನು ಹೊಲದಲ್ಲಿಯೇ ಬೆಳೆಯುತ್ತಾರೆ; ಬೆಳೆಸಿದ ಗಡ್ಡೆಯನ್ನೇ ಕೊಳ್ಳಬೇಕು. ಬೀಜದಿಂದಲೂ ಆದೀತು, ಆದರೆ ಹೂ ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು.

ಗಡ್ಡೆಗೆ ಎರಡು ತೋಳುಗಳಿದ್ದು, ಒಂದೊಂದರ ತುದಿಯಲ್ಲಿಯೂ ಒಂದೇ ಮೊಳಕೆಗಣ್ಣು ಇರುತ್ತದೆ. ಅದು ಮುರಿದರೆ ಆ ತೋಳು ವ್ಯರ್ಥ. ಆದುದರಿಂದ ಎಳೆಗೂಸನ್ನೆತ್ತುವಂತೆ ಎರಡು ಕೈಗಳಿಂದ ಎತ್ತಬೇಕು. ಮೃಗಶಿರ ಮಳೆ ಬಿದ್ದ ಮೇಲೆ ನಾಲ್ಕು ಬೆರಳು ಆಳದಲ್ಲಿ ಅಡ್ಡವಾಗಿ ಮಲಗಿಸಿ ಮಣ್ಣು ಮುಚ್ಚಿರಿ. ಮಸಾರಿ ಮಣ್ಣು ಉತ್ತಮ. ಎರೆಯಲ್ಲಿ ನೀರು ನಿಂತು ಗಡ್ಡೆ ಕೊಳೆಯುವುದರಿಂದ, ಎರೆಭೂಮಿಯವರು ತಳದಲ್ಲಿ ತೂತುಳ್ಳ ದೊಡ್ಡ ಕುಂಡದಲ್ಲಿ ಮಣ್ಣಿನೊಡನೆ ಮರಳು ಮತ್ತು ಹಳೆಯ ತಿಪ್ಪೆಗೊಬ್ಬರ ಬೆರೆಸಿ ನೆಡುವುದು ಲೇಸು. ಎಲೆಯ ಎಳೆಯು ದಪ್ಪ ಗಳುವನ್ನು ಹಿಡಿಯಲಾರದು; ನಮ್ಮಲ್ಲಿ ಬೇಕಾದಷ್ಟು ಸಿಗುವ ತೊಗರಿಕಟ್ಟಿಗೆಯೇ ತಕ್ಕ ಆಸರೆ. ನೆಟ್ಟ ಒಂದೂವರೆ ಎರಡು ತಿಂಗಳಿಗೆ, ಗೌರಿಹಬ್ಬದ ಸುಮಾರಿಗೆ, ಹೂ ಕಾಣುತ್ತದೆ.

ಕಾಯಿ ಬಲಿತ ಮೇಲೆ ಬಳ್ಳಿ ಹಳದಿಯಾಗಿ ಒಣಗುತ್ತದೆ. ಆಗಲೇ ಅನೇಕರು ಗಿಡ ಸಾಯುತ್ತಿದೆಯೆಂದು ಬಗೆದು ಕೊಡಗಟ್ಟಲೆ ನೀರು ಹೊಯ್ಯುತ್ತಾರೆ. ನೆಲದೊಳಗೆ ಹಳೆಯ ಗಡ್ಡೆ ಕರಗಿ ಹೊಸದು ಸಿದ್ಧವಾಗಿ ಮಲಗಿರುತ್ತದೆ. ನಮ್ಮ ಈ ಅಕ್ಕರೆಯ ನೀರೇ ಅದನ್ನು ಕೊಳೆಯಿಸುತ್ತದೆ. ಬಿಸಿಲಿಗೆ ಸತ್ತ ಗಡ್ಡೆಗಳಿಗಿಂತ ಹೀಗೆ ಸತ್ತವೇ ಹೆಚ್ಚಿರಬೇಕು! ಒಣಗಿದೊಡನೆ ನೀರನ್ನು ಪೂರ್ತಿ ನಿಲ್ಲಿಸಿ, ಮುಂದಿನ ಮೃಗಶಿರದವರೆಗೆ ಕುಂಡವನ್ನು ನೆರಳಿನಲ್ಲಿ ಒಣಗಿಯೇ ಇರಗೊಡಿರಿ.

ಗಡ್ಡೆಯನ್ನು ಅಗೆದಿಡುವುದಾದರೆ ಹಿರಿಯರೇ ಅಗೆಯಲಿ. ಚಿಕ್ಕ ಮಕ್ಕಳು ಮುಟ್ಟಬಾರದು. ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಗಡ್ಡೆಗಳನ್ನು ಒಣಮರಳು ತುಂಬಿದ ಡಬ್ಬಿಯಲ್ಲಿಟ್ಟು, ಮೇಲೆ “ವಿಷ” ಎಂದು ಕನ್ನಡ ತೆಲುಗು ಎರಡರಲ್ಲಿಯೂ ದಪ್ಪಕ್ಷರದಲ್ಲಿ ಬರೆದು, ಅಡಿಗೆಮನೆಯಿಂದಲೂ ಉಳ್ಳಾಗಡ್ಡಿ ಗೆಣಸುಗಳ ಬುಟ್ಟಿಯಿಂದಲೂ ದೂರದಲ್ಲಿ ಬೀಗದೊಳಗೆ ಇರಿಸತಕ್ಕದ್ದು.