ಪಪೈರಸ್: ಕಾಗದಕ್ಕೆ ಮೊದಲು, ಕಾಗದದ ಆಮೇಲೆ

1896ರ ಕೊನೆಯಲ್ಲಿ ಆಕ್ಸ್‌ಫರ್ಡಿನ ಇಬ್ಬರು ತರುಣ ವಿದ್ವಾಂಸರು ಈಜಿಪ್ಟಿನ ಒಂದು ಹಾಳೂರಿನ ತಿಪ್ಪೆ ಅಗೆಯಲು ಕೂಲಿಯಾಳುಗಳನ್ನು ಕರೆದುಕೊಂಡು ಹೋದರು. ಅವರ ಹೆಸರು ಗ್ರೆನ್‌ಫೆಲ್ ಮತ್ತು ಹಂಟ್. ಊರು ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದ ಆಕ್ಸಿರಿಂಕಸ್. ಮಳೆಯೇ ಕಾಣದ ಆ ಮರಳಿನಡಿ ಸುಮಾರು ಸಾವಿರ ವರ್ಷಗಳ ಕಸ ಕೊಳೆಯದೆ ಉಳಿದಿತ್ತು: ತೆರಿಗೆ ರಸೀದಿ, ಸಾಲದ ಪತ್ರ, ಅಮ್ಮನಿಗೆ ಮಗ ಬರೆದ ಕಾಗದ, ನಾಟಕದ ಹರಿದ ಹಾಳೆ. ಆ ರಾಶಿಯಲ್ಲಿದ್ದ ಒಂದು ಗ್ರೀಕ್ ಪ್ರಹಸನ ಕನ್ನಡಿಗರಿಗೂ ಗೊತ್ತು. ಚಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳು ಭಾರತದ ಕರಾವಳಿಯ ರಾಜನೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಕಡೆಯವರು ಬಂದು ರಾಜನಿಗೆ ಮದ್ಯ ಕುಡಿಸಿ ಅವಳನ್ನು ಹಾರಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರ ಬಾಯಲ್ಲಿ ಬರುವ, ಗ್ರೀಕ್ ಅಲ್ಲದ ಮಾತುಗಳು ಕನ್ನಡ ಎಂದು ಜರ್ಮನಿಯ ಶಾಸನತಜ್ಞ ಹುಲ್ಟ್ಸ್ ಹೇಳಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು ಆ ಮಾತಿಗೆ ಬೆಂಬಲವಾಗಿ ನಿಂತರು. ಮಂಜೇಶ್ವರದ ಗೋವಿಂದ ಪೈಗಳೂ ಆ ಚರ್ಚೆಗೆ ಇಳಿದರು. ಅದು ತುಳು ಎಂದವರಿದ್ದಾರೆ, ಬರಿಯ ನಗೆಯಾಟದ ಗೊಣಗು ಎಂದವರೂ ಇದ್ದಾರೆ. ಆ ವಾದ ಮುಗಿದಿಲ್ಲ.

ಆ ಮಾತುಗಳನ್ನು ಹೊತ್ತಿದ್ದ ಹಾಳೆಯ ಬಗ್ಗೆ ಮಾತ್ರ ಯಾವ ವಾದವೂ ಇಲ್ಲ. ಅದು ಪಪೈರಸ್, ನೀರಿನಲ್ಲಿ ಬೆಳೆಯುವ ಒಂದು ಜೊಂಡು.

ನಮ್ಮ ಗದ್ದೆಗಳಲ್ಲಿ ರೈತರು ಶಾಪ ಹಾಕುತ್ತ ಕೀಳುವ ಜೇಕು, ಅಂದರೆ ಕೊನ್ನಾರಿ ಗಡ್ಡೆಯ ಹುಲ್ಲು, ಇದರ ಹತ್ತಿರದ ನೆಂಟ. ಎರಡೂ ಸೈಪೆರಸ್ ಎಂಬ ಒಂದೇ ಕುಲದವು. ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಏಣು ಕೈಗೆ ತಾಗುತ್ತವೆ. ನಿಜವಾದ ಹುಲ್ಲಿನ ಕಾಂಡ ಹಾಗಿರುವುದಿಲ್ಲ. ಆದರೆ ಜೇಕು ಮೊಣಕಾಲಿನ ಆಸುಪಾಸಿಗೆ ನಿಂತರೆ ಪಪೈರಸ್ ನಾಲ್ಕೈದು ಮೀಟರ್ ಏರುತ್ತದೆ, ತುದಿಯಲ್ಲಿ ಬಿಚ್ಚಿದ ಚಾಮರದಂತೆ ಹಸಿರು ಎಳೆಗಳನ್ನು ಹರಡುತ್ತದೆ. ಅದರ ತವರು ಆಫ್ರಿಕಾ. ವಿಕ್ಟೋರಿಯಾ ಸರೋವರದ ಅಂಚು, ಉಗಾಂಡದ ಕಣಿವೆಗಳು, ದಕ್ಷಿಣ ಸುಡಾನಿನ ಜೌಗು, ಬೋಟ್ಸ್‌ವಾನದ ಒಕವಾಂಗೊ, ಮಡಗಾಸ್ಕರ್, ಎಲ್ಲ ಕಡೆಯೂ ಅದಿದೆ. ಒಂದು ಕಾಲಕ್ಕೆ ನೈಲ್ ನದಿಯ ಮುಖಜಭೂಮಿಯ ತುಂಬಾ ಇತ್ತು.

ಈಜಿಪ್ಟಿನವರಿಗೆ ಅದು ಬರೆಯುವ ವಸ್ತು ಮಾತ್ರ ಆಗಿರಲಿಲ್ಲ. ಹಗ್ಗ, ಚಾಪೆ, ಚಪ್ಪಲಿ, ಬುಟ್ಟಿ, ದೋಣಿ ಎಲ್ಲಕ್ಕೂ ಅದೇ ಬೇಕು. ಬಡವರು ಬುಡದ ಎಳೆ ತಿರುಳನ್ನು ಅಗಿದು ರಸ ಹೀರುತ್ತಿದ್ದರು, ಒಣಗಿದ ಬೇರುಗಡ್ಡೆ ಒಲೆಗೆ ಹೋಗುತ್ತಿತ್ತು. ಕರ್ನಾಕ್ ದೇವಾಲಯದ ಕಲ್ಲಿನ ಕಂಬಗಳಿಗೂ ಪಪೈರಸ್ ಕಾಂಡದ್ದೇ ರೂಪ. ಹಾಳೆ ಮಾಡುವ ಬಗೆಯನ್ನು ಒಂದನೆಯ ಶತಮಾನದ ರೋಮನ್ ಬರಹಗಾರ ಪ್ಲಿನಿ ವಿವರಿಸಿದ್ದಾನೆ. ತಿರುಳನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ, ಒಂದರ ಪಕ್ಕ ಒಂದಿಟ್ಟು, ಮೇಲೆ ಇನ್ನೊಂದು ಪದರವನ್ನು ಅಡ್ಡಲಾಗಿ ಹಾಸಿ, ಒತ್ತಿ, ಬಿಸಿಲಿಗೆ ಒಣಗಿಸುವುದು. ಒಂದು ಸುರುಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಹಾಳೆ ಅಂಟಿಸುತ್ತಿರಲಿಲ್ಲವಂತೆ.

ಸಕ್ಕಾರದ ಹೆಮಾಕನ ಸಮಾಧಿಯಲ್ಲಿ ಸಿಕ್ಕಿದ ಸುರುಳಿಗೆ ಸುಮಾರು ಐದು ಸಾವಿರ ವರ್ಷ ವಯಸ್ಸು. ಅದರ ಮೇಲೆ ಏನೂ ಬರೆದಿಲ್ಲ. ಸತ್ತ ಅಧಿಕಾರಿ ಪರಲೋಕದಲ್ಲಿ ಬರೆದುಕೊಳ್ಳಲಿ ಎಂದು ಖಾಲಿಯೇ ಇಟ್ಟಿರಬೇಕು. ಬರಹವಿರುವ ಅತಿ ಹಳೆಯ ಪಪೈರಸ್‌ಗಳು 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಫ್ರೆಂಚ್ ಪುರಾತತ್ವಜ್ಞ ಪಿಯೇರ್ ತಾಲೆಯವರ ತಂಡಕ್ಕೆ ಸಿಕ್ಕವು. ಅವುಗಳಲ್ಲೊಂದು ಮೆರೆರ್ ಎಂಬ ಮೇಸ್ತ್ರಿಯ ದಿನಚರಿ. ತುರಾ ಕ್ವಾರಿಯಿಂದ ಸುಣ್ಣಕಲ್ಲು ದೋಣಿಗೇರಿಸಿದ್ದು, ಗೀಜಾದಲ್ಲಿ ಇಳಿಸಿದ್ದು, ರಾತ್ರಿ ಎಲ್ಲಿ ತಂಗಿದ್ದು, ಇಷ್ಟೇ ಅದರಲ್ಲಿರುವುದು. ಆ ಕಲ್ಲು ಹೋದದ್ದು ಖುಫುವಿನ ಮಹಾ ಪಿರಮಿಡ್ಡಿಗೆ. ರಾಜರ ಶಾಸನ ಎಷ್ಟು ಓದಿದರೂ ಸಿಗದ ಪಿರಮಿಡ್ಡಿನ ಲೆಕ್ಕ ಹೀಗೆ ಜೊಂಡಿನ ಹಾಳೆಯಲ್ಲಿ ಉಳಿದುಬಂತು.

ಮೂರು ಸಾವಿರಕ್ಕೂ ಹೆಚ್ಚು ವರ್ಷ ಈ ಗಿಡವನ್ನು ಹೊರೆಗಟ್ಟಲೆ ಕಿತ್ತರೂ ಅದು ಮುಗಿಯಲಿಲ್ಲ. ಬೇರುಗಡ್ಡೆ ಉಳಿದರೆ ಕೆಲವೇ ತಿಂಗಳಲ್ಲಿ ಹೊಸ ಕಾಂಡ ಆಳೆತ್ತರ ದಾಟುತ್ತದೆ. ಭೂಗೋಳ ಬರೆದ ಸ್ಟ್ರಾಬೋ ಒಂದು ಕುತಂತ್ರವನ್ನೂ ದಾಖಲಿಸಿದ್ದಾನೆ: ಬೆಲೆ ಏರಲಿ ಎಂದು ಕೆಲವು ಬೆಳೆಗಾರರು ಅದನ್ನು ಬೇಕೆಂದೇ ಹೆಚ್ಚು ಕಡೆ ಬೆಳೆಯಗೊಡುತ್ತಿರಲಿಲ್ಲ.

ಅದು ಈಜಿಪ್ಟಿನಿಂದ ಕಾಣೆಯಾದದ್ದು ಬೇಡಿಕೆ ನಿಂತ ಮೇಲೆ. ಎಂಟನೆಯ ಶತಮಾನದಿಂದ ಚಿಂದಿಯ ಕಾಗದ ಅರಬ್ ನಾಡುಗಳಲ್ಲಿ ಹರಡಿತು. ರೋಮಿನ ಪೋಪರ ಕಚೇರಿ 1057ರವರೆಗೂ ಹಳೆಯ ಹಾಳೆಗೇ ಅಂಟಿಕೊಂಡಿತ್ತು. ಕಚೇರಿಗಳ ಸ್ವಭಾವ ಎಲ್ಲ ಕಾಲಕ್ಕೂ ಒಂದೇ. ಕೊಳ್ಳುವವರಿಲ್ಲದ ಜೊಂಡಿಗೆ ಜಾಗ ಬಿಟ್ಟುಕೊಡುವವರು ಯಾರು? ಜೌಗಿನ ನೀರು ಬಸಿದು ಹೊಲ ಮಾಡಿದರು, ಕಾಂಡ ಕೀಳುತ್ತಿದ್ದ ಕಡೆ ನೇಗಿಲು ಬಂದು ಬೇರುಗಡ್ಡೆಯನ್ನೇ ಎಬ್ಬಿಸಿತು. ಕೊನೆಗೆ ಆ ದೇಶದವರೇ ಗಿಡವನ್ನು ಹೊರಗಿನಿಂದ ತರಬೇಕಾಯಿತು. 1960ರ ದಶಕದಲ್ಲಿ ಹಸನ್ ರಗಬ್ ಎಂಬ ಎಂಜಿನಿಯರ್ ಸುಡಾನಿನಿಂದ ಸಸಿ ತರಿಸಿ ಕೈರೋದಲ್ಲಿ ಬೆಳೆಸಿದರು, ಮರೆತುಹೋಗಿದ್ದ ಹಾಳೆ ಮಾಡುವ ವಿದ್ಯೆಯನ್ನು ಪ್ರಯೋಗ ಮಾಡಿ ಮಾಡಿ ಮತ್ತೆ ಕಂಡುಕೊಂಡರು. ಇಂದು ಪ್ರವಾಸಿಗರು ಕೊಳ್ಳುವ ಪಪೈರಸ್ ಚಿತ್ರಗಳ ವ್ಯಾಪಾರ ಶುರುವಾದದ್ದು ಅಲ್ಲಿಂದ. ಬಾಳೆ ಎಲೆಯ ನಕಲಿ ಹಾಳೆಯೂ ಆ ಅಂಗಡಿಗಳಲ್ಲಿ ಧಾರಾಳವಾಗಿದೆ.

ಇಷ್ಟು ಹಾಳೆಯ ಕತೆ. ಗಿಡದ ನಿಜವಾದ ಕೆಲಸ ಇರುವುದು ನೀರಿನಲ್ಲಿ.

ಪಪೈರಸ್ಸಿನ ಬೇರುಗಡ್ಡೆಗಳು ಒಂದಕ್ಕೊಂದು ಹೆಣೆದುಕೊಂಡು ದಪ್ಪನೆಯ ಹಾಸು ಆಗುತ್ತವೆ. ದಡದಿಂದ ಶುರುವಾದ ಈ ಹಾಸು ನೀರಿನ ಮೇಲೆ ತೇಲುತ್ತ ಒಳಕ್ಕೆ ಚಾಚುತ್ತದೆ, ನೀರು ಏರಿದರೆ ತಾನೂ ಏರುತ್ತದೆ. ಮೇಲಿನಿಂದ ಹರಿದುಬಂದ ಹೂಳು ಬೇರುಗಳ ನಡುವೆ ತಂಗುತ್ತದೆ. ಸಾರಜನಕ, ರಂಜಕಗಳನ್ನು ಗಿಡ ಹೀರಿಕೊಳ್ಳುತ್ತದೆ, ಉಳಿದ ಸಾರಜನಕದಲ್ಲಿ ಒಂದಷ್ಟನ್ನು ಬೇರಿನ ಸುತ್ತಲ ಬ್ಯಾಕ್ಟೀರಿಯಾಗಳು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಸತ್ತ ಕಾಂಡ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೆಳಗೆ ಸೇರುವುದರಿಂದ ಇಂಗಾಲವೂ ಅಲ್ಲೇ ಉಳಿಯುತ್ತದೆ. ಕಬ್ಬು, ಜೋಳಗಳ ಹಾಗೆ ಬಿಸಿಲನ್ನು ಚೆನ್ನಾಗಿ ಬಳಸಿಕೊಳ್ಳುವ ಸಿ-4 ಬಗೆಯ ದ್ಯುತಿಸಂಶ್ಲೇಷಣೆ ಇದರದ್ದು; ಆ ವೇಗದ ಬೆಳವಣಿಗೆಯ ಗುಟ್ಟುಗಳಲ್ಲಿ ಅದೂ ಒಂದು.

ಹಾಸಿನ ಕೆಳಗಿನ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಇದು ದೋಷ ಎಂದು ತೋರಬಹುದು, ಆದರೆ ವಿಕ್ಟೋರಿಯಾ ಸರೋವರದ ಸಣ್ಣ ಮೀನುಗಳಿಗೆ ಇದೇ ರಕ್ಷೆಯಾಯಿತು. ಇಪ್ಪತ್ತನೆಯ ಶತಮಾನದ ನಡುವೆ ಆ ಸರೋವರಕ್ಕೆ ತಂದು ಬಿಟ್ಟ ನೈಲ್ ಪರ್ಚ್ ಎಂಬ ದೈತ್ಯ ಮೀನು ಸ್ಥಳೀಯ ಜಾತಿಗಳನ್ನು ನೂರಾರು ಸಂಖ್ಯೆಯಲ್ಲಿ ಅಳಿಸಿಹಾಕಿತು. ಅದಕ್ಕೆ ಉಸಿರಾಡಲು ಆಮ್ಲಜನಕ ಹೆಚ್ಚು ಬೇಕು. ಜೊಂಡಿನೊಳಗೆ ಅದು ನುಗ್ಗಲಾರದು. ಕಡಿಮೆ ಆಮ್ಲಜನಕಕ್ಕೆ ಒಗ್ಗಿದ ಕೆಲವು ಜಾತಿಗಳು ಅಲ್ಲಿ ಅಡಗಿ ಉಳಿದವು. ನೀರಿನ ಮೇಲೆ ಶೂಬಿಲ್ ಎಂಬ ಬೃಹತ್ ಕೊಕ್ಕಿನ ಹಕ್ಕಿ, ಉದ್ದ ಗೊರಸಿನ ಸಿಟಟುಂಗ ಎಂಬ ಜೌಗಿನ ಜಿಂಕೆ, ಈ ಜೊಂಡು ಬಿಟ್ಟು ಬೇರೆಡೆ ಹೆಚ್ಚಾಗಿ ನೆಲೆ ಕಾಣದ ಪಪೈರಸ್ ಗೊನೊಲೆಕ್ ಎಂಬ ಸಣ್ಣ ಹಕ್ಕಿ, ಇವೆಲ್ಲ ಇದೇ ಕಾಡಿನ ಒಕ್ಕಲು.

ಎಂಜಿನಿಯರುಗಳಿಗೆ ಮಾತ್ರ ಈ ಗಿಡ ಬಹುಕಾಲ ಒಂದು ಅಡಚಣೆಯೇ ಆಗಿತ್ತು. ದಕ್ಷಿಣ ಸುಡಾನಿನ ಸುದ್ದ್ ಜೌಗಿನಲ್ಲಿ ಬಿಳಿ ನೈಲ್ ಸಾವಿರ ಕವಲಾಗಿ ಹರಡುತ್ತದೆ, ಅರ್ಧದಷ್ಟು ನೀರು ಅಲ್ಲೇ ಆವಿಯಾಗುತ್ತದೆ. 1870ರಲ್ಲಿ ಸ್ಯಾಮ್ಯುಯೆಲ್ ಬೇಕರ್‌ನ ಹಡಗುಗಳು ತೇಲುವ ಹಾಸಿಗೆ ಸಿಕ್ಕಿ ಮುಂದೆ ಹೋಗಲಾರದೆ ನಿಂತವು. ಈಜಿಪ್ಟಿಗೆ ಹರಿಯಬೇಕಾದ ಆ ನೀರು ದಂಡವಾಗುತ್ತಿದೆ ಎಂದು ಬಗೆದು 1904ರಲ್ಲಿ ವಿಲಿಯಂ ಗಾರ್ಸ್ಟಿನ್ ಎಂಬ ಬ್ರಿಟಿಷ್ ಎಂಜಿನಿಯರ್ ಜೌಗನ್ನು ಬಳಸಿ ಹೋಗುವ ಕಾಲುವೆಯ ಯೋಜನೆ ಮುಂದಿಟ್ಟ. ಜೋಂಗ್ಲೈ ಎಂಬ ಆ ಕಾಲುವೆಯ ಕೆಲಸ ಶುರುವಾದದ್ದು 1978ರಲ್ಲಿ. ಯೋಜಿಸಿದ್ದು 360 ಕಿಲೋಮೀಟರ್. ಪಾಕಿಸ್ತಾನದಲ್ಲಿ ಕಾಲುವೆ ಅಗೆದು ಬಂದ ದೈತ್ಯ ಯಂತ್ರ ಸುಮಾರು 250 ಕಿಲೋಮೀಟರ್ ಅಗೆಯುವಷ್ಟರಲ್ಲಿ ಅಂತರ್ಯುದ್ಧ ಹೊತ್ತಿಕೊಂಡು 1984ರ ಹೊತ್ತಿಗೆ ಎಲ್ಲ ನಿಂತಿತು. ಕೆಲಸ ನಿಲ್ಲಿಸಿದ ಬಂಡಾಯಗಾರರ ನಾಯಕ ಜಾನ್ ಗರಾಂಗ್ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದದ್ದು ಇದೇ ಜೋಂಗ್ಲೈ ಯೋಜನೆಯ ಕುರಿತ ಪ್ರಬಂಧಕ್ಕೆ. ದಂಡ ಎಂದು ಕೈರೋ ಲೆಕ್ಕ ಹಾಕಿದ ನೀರು ಇಳಿದ ಮೇಲೆ ಚಿಗುರುವ ಹುಲ್ಲಿನಲ್ಲೇ ಡಿಂಕಾ, ನೂಯರ್ ಜನರ ದನಗಳು ಬೇಸಿಗೆ ಕಳೆಯುತ್ತವೆ.

ಯುದ್ಧವಿಲ್ಲದ ಕಡೆ ಯೋಜನೆ ಪೂರ್ತಿಯಾದರೆ ಏನಾಗುತ್ತದೆ ಎನ್ನುವುದಕ್ಕೆ ಇಸ್ರೇಲಿನ ಹೂಲೆ ಕಣಿವೆ ಇದೆ. ಪಪೈರಸ್ ಬೆಳೆಯುವ ಉತ್ತರದ ತುದಿಗಳಲ್ಲಿ ಅದೊಂದು. 1951ರಿಂದ 1958ರೊಳಗೆ ಅದರ ನೀರು ಬಸಿದು ಹೊಲ ಮಾಡಿದರು. ಒಣಗಿದ ಜೊಂಡುಮಣ್ಣು ಒಳಗೊಳಗೇ ಹೊತ್ತಿ ಉರಿಯಿತು, ನೆಲ ಕುಸಿಯಿತು, ಮಣ್ಣಿನಲ್ಲಿದ್ದ ನೈಟ್ರೇಟ್ ಕೆಳಗಿನ ಗಲಿಲೀ ಸರೋವರಕ್ಕೆ ಹರಿಯತೊಡಗಿತು. 1994ರಲ್ಲಿ ಕಣಿವೆಯ ಒಂದು ಭಾಗಕ್ಕೆ ಸರ್ಕಾರವೇ ಮತ್ತೆ ನೀರು ತುಂಬಿಸಿತು.

ಉಗಾಂಡದ ರಾಜಧಾನಿ ಕಂಪಾಲದಲ್ಲಿ ಇದೇ ಲೆಕ್ಕ ಈಗಲೂ ನಡೆಯುತ್ತಿದೆ. ನಗರದ ಕೊಳಚೆ ನಕಿವುಬೊ ಕಾಲುವೆಯಲ್ಲಿ ಹರಿದು ಅದೇ ಹೆಸರಿನ ಜೌಗು ಹೊಕ್ಕು ವಿಕ್ಟೋರಿಯಾದ ಕೊಲ್ಲಿ ಸೇರುತ್ತದೆ; ನಗರದ ಕುಡಿಯುವ ನೀರಿನ ದೊಡ್ಡ ಪಾಲು ಎತ್ತುವುದೂ ಅದೇ ಕೊಲ್ಲಿಯಿಂದ, ತುಸು ದೂರದ ಗಾಬಾದಲ್ಲಿ. 1990ರ ದಶಕದ ಕೊನೆಯ ಒಂದು ಅಧ್ಯಯನ, ಈ ಜೌಗು ಮಾಡುವ ಶುದ್ಧೀಕರಣದ ಬೆಲೆ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಮೇಲೆ ಎಂದು ಅಂದಾಜು ಮಾಡಿತು. ಚಾಪೆಗೂ ಸೂರಿಗೂ ಕುಡುಗೋಲಿನಿಂದ ಕಾಂಡ ಕೊಯ್ಯುವವರಿಂದ ಆ ಜೌಗಿಗೆ ಹೆಚ್ಚಿನ ಹಾನಿಯಿಲ್ಲ. ಗುದ್ದಲಿ ಹಿಡಿದವರು ಬೇರು ಅಗೆದು ಕೆಸುವಿನ ಗಡ್ಡೆ ನೆಡುತ್ತಾರೆ, ನೀರು ಬಸಿಯಲು ಕಾಲುವೆ ತೋಡುತ್ತಾರೆ. ಆಗ ಹಾಸಿನಡಿ ಹರಡಿ ನಿಧಾನವಾಗಿ ಸಾಗಬೇಕಿದ್ದ ಕೊಳಚೆ ಆ ಕಾಲುವೆಗಳಲ್ಲಿ ನೇರವಾಗಿ ಕೊಲ್ಲಿಗೆ ಇಳಿಯುತ್ತದೆ. ಕೆಸು ನೆಟ್ಟ ಬಡವನಿಗೆ ಅದೇ ವರ್ಷ ಊಟ ಸಿಗುತ್ತದೆ. ಜೌಗು ಉಳಿಸಿದ್ದಕ್ಕೆ ಅವನ ಕೈಗೆ ಯಾರೂ ಡಾಲರ್ ಕೊಡುವುದಿಲ್ಲ. ಜೌಗು ಕೈಬಿಟ್ಟಷ್ಟು ಕೆಲಸವನ್ನು ಗಾಬಾದ ನೀರಿನ ಘಟಕಗಳು ಹೆಚ್ಚಿನ ಖರ್ಚಿನಲ್ಲಿ ಮಾಡಬೇಕು, ಆ ಖರ್ಚು ಹೋಗಿ ಸೇರುವುದು ಕಂಪಾಲದ ಮನೆಗಳ ನೀರಿನ ಬಿಲ್ಲಿಗೆ.