ಕೋಳಿಯ ಬಣ್ಣವೂ ತಳಿಯ ಗುಣವೂ

ಹುಬ್ಬಳ್ಳಿಯ ಕಮರಿಪೇಟೆಯಂತಹ ಹಳೆಯ ಪೇಟೆಯಲ್ಲಿ ಕೋಳಿ ಸಾಕುವವನಿಗೆ ದೊರೆಯುವುದು ಹಿತ್ತಲಿನ ಒಂದು ಮೂಲೆ, ಇಲ್ಲವೆ ಮಾಳಿಗೆಯ ಒಂದು ಭಾಗ. ಆದರೂ ನೋಡಿದವರು ಮೆಚ್ಚುವಂತಹ ಹುಂಜವನ್ನು ಬೆಳೆಸಬೇಕೆಂಬ ಆಸೆಗೆ ಸ್ಥಳದ ಇಕ್ಕಟ್ಟು ಅಡ್ಡಿಯಾಗಲಾರದು. ಅಂತಹ ಆಸೆಯುಳ್ಳವರಿಗಾಗಿ ಬಣ್ಣದ ಸಂಕರವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಇಂಗ್ಲೆಂಡಿನಲ್ಲಿ 1835ರಲ್ಲಿ ಹುಂಜಗಳ ಕಾಳಗವು ಕಾನೂನಿನಿಂದ ನಿಷಿದ್ಧವಾಯಿತು. ಹತ್ತು ವರ್ಷಗಳ ತರುವಾಯ, 1845ರಲ್ಲಿ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಗಳ ಪ್ರದರ್ಶನವು ನಡೆಯಿತು. ಕಣದಲ್ಲಿ ಕಾದಾಡುತ್ತಿದ್ದ ಪಕ್ಷಿಯು ಹೀಗೆ ಪಂಜರದಲ್ಲಿ ನಿಂತು ಗರಿ, ಜುಟ್ಟು, ನಿಲುವುಗಳಿಂದ ಬಹುಮಾನ ಪಡೆಯತೊಡಗಿತು. ನಮ್ಮ ದೇಶದಲ್ಲಿಯೂ 1960ರ ಪ್ರಾಣಿಹಿಂಸಾ ನಿವಾರಣೆಯ ಕಾನೂನು ಕಾಳಗವನ್ನು ಅಪರಾಧವೆಂದು ಎಣಿಸಿರುವುದರಿಂದ, ಸಾಕುವವರ ಹುಮ್ಮಸ್ಸಿಗೆ ಪ್ರದರ್ಶನವೇ ಸಭ್ಯವಾದ ದಾರಿ.

ಕರಿಯದನ್ನೂ ಬಿಳಿಯದನ್ನೂ ಕೂಡಿಸಿದರೆ ಬೂದುಬಣ್ಣವೇ ಬರಬೇಕೆಂದು ಸಾಮಾನ್ಯರು ಎಣಿಸುವರು. ಡಾರ್ವಿನ್ನನು ಕಪ್ಪು ಸ್ಪ್ಯಾನಿಷ್ ತಳಿಯನ್ನು ಬಿಳಿಯ ಸಿಲ್ಕ್ ತಳಿಯೊಡನೆ ಕೂಡಿಸಿದಾಗ, ಕಾಡುಕೋಳಿಯ ಕೆಂಪು ಗರಿಗಳನ್ನು ಹೊತ್ತ ಹುಂಜವು ಹುಟ್ಟಿತೆಂದು 1868ರ ತನ್ನ ಗ್ರಂಥದಲ್ಲಿ ಬರೆದನು. ಪೂರ್ವಿಕರ ಬಣ್ಣವು ಅಳಿದಿರಲಿಲ್ಲ, ಅಡಗಿತ್ತು. ಸಾಕುಕೋಳಿಯ ಮೂಲವು ಕೆಂಪು ಕಾಡುಕೋಳಿಯೇ ಎಂಬುದು ಆತನ ಮತ. ಆದರೆ ಹಲವು ತಳಿಗಳ ಹಳದಿ ಚರ್ಮವು ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಗೊತ್ತಾಯಿತು. ಈ ಬೂದು ಕೋಳಿಯಾದರೋ ನಮ್ಮ ಧಾರವಾಡದ ಪಶ್ಚಿಮಕ್ಕಿರುವ ಸಹ್ಯಾದ್ರಿಯ ಕಾಡುಗಳ ನಿವಾಸಿ.

ಇನ್ನು ನೀಲಿ ಆಂಡಲೂಸಿಯನ್ ತಳಿಯ ಸಂಗತಿ. ನೀಲಿ ಹುಂಜವನ್ನು ನೀಲಿ ಹೇಂಟೆಯೊಡನೆ ಎಷ್ಟು ತಲೆಮಾರು ಕೂಡಿಸಿದರೂ, ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ನೀಲಿ, ಕಾಲುಭಾಗ ಕಪ್ಪು, ಉಳಿದ ಕಾಲುಭಾಗ ಚುಕ್ಕೆಗಳಿಂದ ಕೂಡಿದ ಮಾಸಲು ಬಿಳಿ. ಸಾಕುವವರು ಕಪ್ಪು ಬಿಳಿ ಮರಿಗಳನ್ನು ಕಲಬೆರಕೆಯೆಂದು ತಳ್ಳಿಬಿಡುತ್ತಿದ್ದರು. ಮೆಂಡೆಲನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ಬೇಟ್ಸನ್ ಮತ್ತು ಪನೆಟ್ ಎಂಬ ವಿದ್ವಾಂಸರು ಇದರ ಗುಟ್ಟನ್ನು ಬಿಡಿಸಿದರು. ತಳ್ಳಿಬಿಟ್ಟ ಆ ಕಪ್ಪನ್ನೂ ಬಿಳಿಯನ್ನೂ ಕೂಡಿಸಿದರೆ ಹುಟ್ಟುವ ಮರಿಗಳೆಲ್ಲವೂ ನೀಲಿ! ಬಹುಮಾನದ ಬಣ್ಣದ ತಾಯಿತಂದೆಗಳು ತಿಪ್ಪೆಯ ಪಾಲಾಗುತ್ತಿದ್ದುವು.

ಪರೀಕ್ಷೆ ಮಾಡುವವರಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಶಿಸ್ತು. ಹೇಂಟೆಯು ಒಮ್ಮೆ ಕೂಡಿದ ಹುಂಜದ ಬೀಜವನ್ನು ಎರಡು ಮೂರು ವಾರ ತನ್ನೊಳಗೆ ಇಟ್ಟುಕೊಳ್ಳಬಲ್ಲುದು. ಆದುದರಿಂದ ಹುಂಜವನ್ನು ಬದಲಿಸಿದ ಮೇಲೆ ಅಷ್ಟು ಕಾಲದ ಮೊಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಮೊಟ್ಟೆಯ ಮೇಲೆ ಗುರುತು, ಮರಿಯ ಕಾಲಿಗೆ ಅಂಕೆಯ ಬಳೆ, ಹುಟ್ಟಿದ ಪ್ರತಿಯೊಂದು ಮರಿಯ ಬಣ್ಣವನ್ನೂ ಬರೆದಿಡುವ ಪುಸ್ತಕ, ಇಷ್ಟಿದ್ದರೆ ಇಪ್ಪತ್ತೊಂದು ದಿನಗಳ ಕಾವು ಮುಗಿದೊಡನೆ ಪ್ರಕೃತಿಯೇ ಉತ್ತರ ಹೇಳತೊಡಗುವುದು.

ಆದರೆ ಒಂದು ಎಚ್ಚರಿಕೆಯನ್ನು ಹೇಳದಿರಲಾರೆವು. ಬಣ್ಣವು ತಳಿಯ ಶುದ್ಧತೆಗೆ ಸಾಕ್ಷಿಯಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಹಿತ್ತಲಿನ ಸಾಕಣೆಗಾಗಿ ರೂಪುಗೊಂಡ ಗಿರಿರಾಜ ಕೋಳಿಯೂ ಬಣ್ಣಬಣ್ಣದ ಗರಿಗಳದೇ. ಅದು ಸಂಕರವೆಂದು ಹೇಳಿಯೇ ಜನರಿಗೆ ಕೊಟ್ಟುದರಿಂದ ಅದರಲ್ಲಿ ಮೋಸವಿಲ್ಲ. ಕೆಂಪು ಗರಿಯೊಂದನ್ನೇ ತೋರಿಸಿ ಸಂಕರವನ್ನು ಜವಾರಿಯೆಂದು ಮಾರುವುದು ಮಾತ್ರ ಮೋಸ. ಜವಾರಿ ಹೇಂಟೆಯು ತಾನೇ ಕಾವು ಕೂತು, ತಿಪ್ಪೆ ಕೆದರಿ, ಹದ್ದಿಗೆ ಎದುರು ನಿಂತು ಮರಿಗಳನ್ನು ಸಾಕುವುದು. ಈ ಗುಣಗಳಿಗೆ ಪ್ರದರ್ಶನದಲ್ಲಿ ಅಂಕಗಳಿಲ್ಲ. ಸಿಕ್ಕಸಿಕ್ಕ ಹುಂಜದೊಡನೆ ಬೆರೆಸುತ್ತ ಹೋದರೆ ಅವು ನಾಲ್ಕಾರು ತಲೆಮಾರುಗಳಲ್ಲಿ ಕರಗಿಹೋಗಬಹುದು. ಕರಗಿದುದನ್ನು ಪರದೇಶದ ಯಾವ ಸಂತೆಯಿಂದಲೂ ಕೊಂಡುತರಲಾಗದು.

ಆದುದರಿಂದ ಗೂಡನ್ನು ಎರಡು ಭಾಗ ಮಾಡಿರಿ. ಒಂದರಲ್ಲಿ ಬಣ್ಣಗಳ ಪರೀಕ್ಷೆ ಯಥೇಚ್ಛವಾಗಿ ನಡೆಯಲಿ. ಇನ್ನೊಂದರಲ್ಲಿ ಜವಾರಿ ಕೋಳಿಯು ಬೆರಕೆಯಿಲ್ಲದೆ ಬೆಳೆಯಲಿ. ಕಣ್ಣಿಗೆ ಕಾಣುವ ಚೆಲುವಿಗಾಗಿ ಕಾಣದ ಗುಣವನ್ನು ತೆತ್ತುಕೊಳ್ಳದಿರುವುದೇ ನಿಜವಾದ ತಳಿಗಾರನ ಲಕ್ಷಣವೆಂದು ನಮ್ಮ ನಂಬಿಕೆ.