ನೋಟೀಸು ಓದೋಣ, ಆಟಕ್ಕೆ ಹೋಗೋಣ



ನಾವು ಬೀಡಿ ಕಟ್ಟುವವರು. ಗದ್ದೆ ಕೆಲಸದವರು. ಆಟ, ನಾಟಕ ಅಂದರೆ ನಮಗೂ ಆಸೆ. ಆದರೆ ಎಲ್ಲಿ, ಯಾವಾಗ ಎಂದು ಬೇರೆಯವರನ್ನೇ ಕೇಳಬೇಕಿತ್ತು.

ಒಮ್ಮೆ ಹಾಗೇ ಕೇಳಿಕೊಂಡು ಉಡುಪಿಗೆ ನಾಟಕ ನೋಡಲು ಹೋದೆವು. ಅಲ್ಲಿ ಬಾಗಿಲು ಹಾಕಿತ್ತು. ನಾಟಕ ಹಿಂದಿನ ದಿನವೇ ಮುಗಿದಿತ್ತು. ನೋಟೀಸು ನಮ್ಮ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೇ ಇತ್ತು. ನಮಗೆ ಓದಲು ಬರುತ್ತಿರಲಿಲ್ಲ. ಬಸ್ಸಿನ ದುಡ್ಡೂ ಹೋಯಿತು, ದಿನವೂ ಹೋಯಿತು.

ಈಗ ಓದಲು ಬರುತ್ತದೆ. ನೋಟೀಸಿನಲ್ಲಿ ನಾಲ್ಕು ವಿಷಯ ನೋಡಬೇಕು. ಯಾವ ದಿನ? ಎಷ್ಟು ಗಂಟೆಗೆ? ಯಾವ ಜಾಗ? ಟಿಕೇಟು ಉಂಟಾ, ಉಚಿತವಾ?

ನಮ್ಮ ಸುತ್ತ ನೋಡಲು ಎಷ್ಟೊಂದು ಉಂಟು! ಉಡುಪಿಯ ಕೃಷ್ಣ ಮಠದ ರಾಜಾಂಗಣದಲ್ಲಿ ಸಂಗೀತ, ನೃತ್ಯ, ಯಕ್ಷಗಾನ ಆಗುತ್ತವೆ. 1965ರಲ್ಲಿ ಹುಟ್ಟಿದ 'ರಂಗಭೂಮಿ ಉಡುಪಿ' ಸಂಸ್ಥೆ ನಾಟಕ ಸ್ಪರ್ಧೆ ನಡೆಸುತ್ತದೆ. 2022ರ ಮಾರ್ಚಿನಲ್ಲಿ ಕಾರ್ಕಳ ಉತ್ಸವ ನಡೆಯಿತು.

ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಸುಮಾರು 13 ಕಿಲೋಮೀಟರ್. ಕಾರ್ಕಳದ ಬಸ್ಸು ಹಿರಿಯಡ್ಕ, ಮಣಿಪಾಲ ದಾಟಿ ಉಡುಪಿಗೆ ಬರುತ್ತದೆ. ಹಿಂದೆ ಬರಲು ಕೊನೆಯ ಬಸ್ಸು ಎಷ್ಟು ಗಂಟೆಗೆ? ಮೊದಲೇ ಕೇಳಿ ಬರೆದಿಟ್ಟುಕೊಳ್ಳೋಣ. ಒಟ್ಟಿಗೆ ಹೋಗೋಣ, ಒಟ್ಟಿಗೆ ಬರೋಣ. ಅಡಿಗೆ ಬೇಗ ಮಾಡಿಡೋಣ. ಒಂದು ದಿನ ಮನೆಯವರು ತಾವೇ ಬಡಿಸಿಕೊಳ್ಳಲಿ.

"ಹೆಂಗಸರಿಗೆ ಯಾಕೆ ಆಟ?" ಎಂದು ಕೆಲವರು ಕೇಳುತ್ತಾರೆ. ಅವರಿಗೆ ಲೀಲಾವತಿ ಬೈಪಾಡಿತ್ತಾಯರ ವಿಷಯ ಹೇಳೋಣ. ಅವರು ಕಾಸರಗೋಡಿನ ಮಧೂರಿನವರು. ಮದುವೆಯಾದ ಮೇಲೆ ಗಂಡನಿಂದ ಯಕ್ಷಗಾನದ ಹಾಡು ಕಲಿತರು. ಗಂಡಸರೇ ತುಂಬಿದ್ದ ಮೇಳದಲ್ಲಿ ಭಾಗವತರಾದರು. ಜಾಗಟೆ ಹಿಡಿದು ಆಟ ನಡೆಸಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2024ರಲ್ಲಿ ತೀರಿಕೊಂಡರು.

ರಂಗಸ್ಥಳದಲ್ಲಿ ಕೂತು ಹೆಂಗಸು ಆಟ ನಡೆಸಿದಳು. ಎದುರಿಗೆ ಕೂತು ನೋಡಲು ನಮಗೇನು ಅಡ್ಡಿ?

ಮರುವರ್ಷ ನಾವು ಏಳು ಮಂದಿ ಹೊರಟೆವು. ನೋಟೀಸನ್ನು ನಾವೇ ಓದಿದೆವು. ಒಂದೊಂದೇ ಅಕ್ಷರ ಕೂಡಿಸಿ ಓದಿದೆವು. ದಿನ ಸರಿ, ಗಂಟೆ ಸರಿ. ಬಾಗಿಲು ತೆರೆದಿತ್ತು. ಎದುರಿನ ಸಾಲಿನಲ್ಲೇ ಕೂತೆವು. ನಾಟಕದಲ್ಲಿ ಒಬ್ಬ ತಾಯಿ ಮಗನಿಗಾಗಿ ಕಾಯುತ್ತಿದ್ದಳು. ನಮ್ಮ ಕಣ್ಣೂ ಒದ್ದೆಯಾಯಿತು. ಮರುದಿನ ಬೀಡಿ ಕಟ್ಟುವಾಗ ಇಡೀ ದಿನ ಅದೇ ಮಾತು.

ಅಕ್ಕಂದಿರೇ, ಇವತ್ತು ಮನೆಗೆ ಹೋಗುವಾಗ ದಾರಿಯಲ್ಲಿ ಒಂದು ನೋಟೀಸು ಓದಿ. ನಾಳೆ ಬಂದು ನಮಗೆಲ್ಲ ಹೇಳಿ. ದಿನ ಗೊತ್ತು ಮಾಡಿ ಎಲ್ಲರೂ ಹೋಗೋಣ.